ಸ್ಕ್ರೂ ಮೇಲಿನ ಕುಂಕುಮ

ಕೀರ್ತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹಿನಕಲ್‌ನ ಅವಳ ಬೀದಿಯವರೆಲ್ಲ ಹೇಳುತ್ತಾರೆ. ಆ ಸಿಟ್ಟು ಅಲ್ಲಿಗೆ ಬಂದು ಕೂತದ್ದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಂಬತ್ತು ವರ್ಷ ಒಂದೇ ಕಚೇರಿಯ ಒಂದೇ ಕೌಂಟರಿನಲ್ಲಿ ಕೂತು, 'ಸ್ವಲ್ಪ ತಡೀರಿ ಅಜ್ಜಿ, ಇನ್ನೂ ಆನ್ ಆಗ್ತಾ ಇದೆ' ಎಂದು ದಿನಕ್ಕೆ ನಲವತ್ತು ಸಲ ಹೇಳಿ ನೋಡಿ. ನಿಮ್ಮ ಮೂಗಿನ ತುದಿಯೂ ಖಾಲಿ ಇರುವುದಿಲ್ಲ.

ಕಚೇರಿಯ ಹೆಸರು ಬೇಡ. ಮೈಸೂರಿನಲ್ಲಿ ಅಂಥವು ಬೇಕಾದಷ್ಟಿವೆ. ವಯಸ್ಸಾದವರ ಪಿಂಚಣಿ, ವಿಧವೆಯರ ಪಿಂಚಣಿ, ಅದರ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವುದು ಕೀರ್ತಿಯ ಕೆಲಸ. ಹೊರಗುತ್ತಿಗೆಯ ಕೆಲಸ, ಪ್ರತಿ ಮಾರ್ಚ್ ಕೊನೆಗೆ ಹೊಸದಾಗಿ ಸಹಿ ಬೀಳಬೇಕು. ಬೀಳದಿದ್ದರೆ ಏಪ್ರಿಲ್ ಒಂದಕ್ಕೆ ಅವಳು ಯಾರೋ, ಕಚೇರಿ ಯಾರದೋ. ಮನೆಯಲ್ಲಿ ಅಪ್ಪ ಸಣ್ಣಯ್ಯನಿಗೆ ಮಂಡಿ ನೋವು, ಅವ್ವ ಮಂಚಮ್ಮನಿಗೆ ಸಕ್ಕರೆ ಕಾಯಿಲೆ. ಆ ಸಹಿಯ ಮೇಲೆ ಇಡೀ ಮನೆಯ ಊಟ ನಿಂತಿತ್ತು.

ಅವಳ ಕಂಪ್ಯೂಟರ್ ಬೆಳಿಗ್ಗೆ ಏಳಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಎದ್ದ ಮೇಲೂ ಅದಕ್ಕೆ ನಿದ್ದೆಯೇ. ಒಂದು ಅರ್ಜಿ ಅರ್ಧ ತುಂಬುವಷ್ಟರಲ್ಲಿ ಪರದೆ ಬೆಳ್ಳಗಾಗಿ ನಿಲ್ಲುತ್ತಿತ್ತು, ಡಬ್ಬದೊಳಗೆ ಹಳೆಯ ಡಿಸ್ಕು ಕಟ್ ಕಟ್ ಎಂದು ಹಲ್ಲು ಕಡಿಯುತ್ತಿತ್ತು, ಅಷ್ಟರಲ್ಲಿ ಸರ್ವರ್ ಅವಳನ್ನು ಹೊರಗೆ ಹಾಕುತ್ತಿತ್ತು. ಮತ್ತೆ ಮೊದಲಿನಿಂದ. ಕೌಂಟರಿನ ಆಚೆ ಬೆಂಚಿನ ಮೇಲೆ ಕೂತ ಮುದುಕರು ಕಂಪ್ಯೂಟರಿಗೆ ಬೈಯುವುದಿಲ್ಲ, ಎದುರಿಗೆ ಕಾಣುವ ಹೆಂಗಸಿಗೆ ಬೈಯುತ್ತಾರೆ. ಅವರ ಬೈಗುಳ ನ್ಯಾಯವಾದದ್ದೇ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು.

ಆದ್ದರಿಂದ ಜನವರಿಯಲ್ಲಿ ಹಳೆಯ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬರುತ್ತದೆ ಎಂದಾಗ ಕಚೇರಿಯಲ್ಲಿ ಖುಷಿಪಟ್ಟವಳು ಅವಳೊಬ್ಬಳೇ. ತಮ್ಮ ಅಮರ್ ತನ್ನ ಹಳೇ ಲ್ಯಾಪ್‌ಟಾಪಿಗೆ ಅದನ್ನು ಹಾಕಿಸಿದ್ದ. ಅಂಗೈ ಅಗಲದ ಒಂದು ಚಪ್ಪಟೆ ಪೆಟ್ಟಿಗೆ, ತಿರುಗುವ ಚಕ್ರವಿಲ್ಲ, ಸದ್ದಿಲ್ಲ. ಗುಂಡಿ ಒತ್ತಿ ಹತ್ತು ಎಣಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಎದ್ದು ಕೂತದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಕಚೇರಿಯ ಮೂರು ಕಂಪ್ಯೂಟರಿಗೆ ಮೂರು ಮಂಜೂರಾಗಿದ್ದವು. ಒಂದು ಸೂಪರಿಂಟೆಂಡೆಂಟ್ ವೆಂಕಟಸುಬ್ಬಯ್ಯನವರದು, ಒಂದು ಲೆಕ್ಕದ ವಿಭಾಗದ್ದು, ಒಂದು ಕೌಂಟರಿನದು.

ಎರಡನೇ ಶನಿವಾರ ರಜೆ ಇದ್ದಾಗ ಕಂಪನಿಯವರು ಬಂದು ಹಾಕಿ ಹೋದರಂತೆ. ಸೋಮವಾರ ಕೀರ್ತಿ ಬಂದಾಗ ಅವಳ ಸಿಪಿಯು ಡಬ್ಬದ ಮುಂದೆ ಹೊಸ ಸ್ಟಿಕರ್ ಹೊಳೆಯುತ್ತಿತ್ತು: 'ಎಸ್‌ಎಸ್‌ಡಿ ಅಳವಡಿಸಲಾಗಿದೆ'. ಅವಳು ಗುಂಡಿ ಒತ್ತಿ ಹತ್ತು ಎಣಿಸಿದಳು. ನೂರು ಎಣಿಸಿದಳು. ಹನ್ನೊಂದು ನಿಮಿಷವಾದ ಮೇಲೆ ಕಂಪ್ಯೂಟರ್ ಎದ್ದಿತು, ಒಳಗಿಂದ ಅದೇ ಕಟ್ ಕಟ್.

ಅವಳು ನೇರ ಒಳಗೆ ಹೋದಳು. "ಸಾರ್, ನನ್ನ ಕಂಪ್ಯೂಟರಿಗೆ ಏನೂ ಹಾಕಿಲ್ಲ. ಹಳೇ ಡಿಸ್ಕೇ ಸದ್ದು ಮಾಡ್ತಾ ಇದೆ."

ವೆಂಕಟಸುಬ್ಬಯ್ಯನವರು ಕನ್ನಡಕ ಹಣೆಗೆ ಏರಿಸಿದರು. "ಹೊಸ ಪಾರ್ಟು ಕಣಮ್ಮ. ಹೊಂದ್ಕೊಳ್ಳೋಕೆ ಟೈಮ್ ಬೇಕು. ಹೊಸ ಸೊಸೆ ಬಂದ ದಿನಾನೇ ರೊಟ್ಟಿ ತಟ್ತಾಳಾ?"

ಲೆಕ್ಕದ ವಿಭಾಗದವರು ನಕ್ಕರು. ಅವರ ಕಂಪ್ಯೂಟರಿನ ಸೊಸೆ ಬಂದ ದಿನವೇ ರೊಟ್ಟಿ ತಟ್ಟಿದ್ದಳು. ಅದನ್ನು ಅವರು ಹೇಳಲಿಲ್ಲ.

ಕೀರ್ತಿ ಬರೆದು ಕೊಟ್ಟಳು. ಒಂದಲ್ಲ, ಮೂರು ಸಲ. ಉತ್ತರ ಬಂದದ್ದು ಮಾರ್ಚ್ ಮೊದಲ ವಾರ, ಅದೂ ಮೆಮೊ ರೂಪದಲ್ಲಿ: 'ಅತ್ಯಾಧುನಿಕ ಎಸ್‌ಎಸ್‌ಡಿ ಒದಗಿಸಿದ್ದರೂ ಅರ್ಜಿಗಳನ್ನು ಬಾಕಿ ಉಳಿಸಿಕೊಂಡಿರುವ ತಮ್ಮ ಸೇವೆಯನ್ನು ಏಕೆ ಮುಂದುವರಿಸಬೇಕು ಎಂಬುದಕ್ಕೆ ಕಾರಣ ನೀಡುವುದು.' ಮುದುಕರು ಮೇಲಿನವರಿಗೆ ದೂರು ಕೊಟ್ಟಿದ್ದರು. ಮುಂದಿನ ಗುರುವಾರ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ಅಷ್ಟರೊಳಗೆ ತಪ್ಪಿಗೆ ಒಂದು ತಲೆ ಬೇಕಿತ್ತು. ಕಾಯಂ ನೌಕರರ ತಲೆಗಳು ಗಟ್ಟಿ, ಹೊರಗುತ್ತಿಗೆಯ ತಲೆ ಮೆದು.

ಬಡವನ ಕೋಪ ದವಡೆಗೆ ಮೂಲ ಎಂದು ಮಂಚಮ್ಮ ಮಗಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಕೀರ್ತಿ ಪಾಠ ಕಲಿತಿರಲಿಲ್ಲ. ಮೆಮೊ ಕೈಗೆ ಬಂದ ಮಾರನೆಯ ಬೆಳಿಗ್ಗೆ ಅಮರ್‌ನ ಸ್ಕ್ರೂಡ್ರೈವರ್ ತಂದು, ಎಲ್ಲರ ಕಣ್ಣೆದುರು ಮೇಜಿನ ಮೇಲೆ ಕುಕ್ಕಿದಳು. "ಇವತ್ತು ಬಿಚ್ಚೇ ಬಿಡ್ತೀನಿ. ಒಳಗೇನಿದೆ ಅಂತ ಊರಿಗೆಲ್ಲ ಕಾಣ್ಲಿ."

ಅಂದು ಅವಳಿಗೆ ತೋಚಿದ್ದು ಅಷ್ಟೇ. ಆ ಸ್ಕ್ರೂಡ್ರೈವರನ್ನು ಲೆಕ್ಕದ ವಿಭಾಗದವರು ನೋಡಿದರು, ನೋಡಿ ಒಳಗೆ ಹೋಗಿ ಹೇಳಿದರು ಎಂಬುದು ಅವಳ ಗಮನಕ್ಕೆ ಬರಲಿಲ್ಲ.

ಡಬ್ಬವನ್ನು ಎಳೆದು ಹಿಂದುಮುಂದು ತಿರುಗಿಸಿದಳು. ತಿರುಗಿಸಿದವಳು ಹಾಗೇ ನಿಂತಳು. ಡಬ್ಬದ ಬೆನ್ನಿನ ಮೇಲೆ, ಪಕ್ಕದ ತಗಡು ಸೇರುವ ಸಂದಿನ ಉದ್ದಕ್ಕೂ, ಕುಂಕುಮ. ಗಂಧ, ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಗಂಧ. ಎರಡು ಸ್ಕ್ರೂಗಳ ತಲೆಯೂ ಕಾಣದಷ್ಟು ದಪ್ಪ.

"ಬೋರಮ್ಮ, ಇದೇನಿದು?"

ಕಸ ಗುಡಿಸುತ್ತಿದ್ದ ಬೋರಮ್ಮ ಪೊರಕೆ ಹಿಡಿದುಕೊಂಡೇ ಬಂದರು. ಆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಸ ಗುಡಿಸುವ, ಟೀ ತರುವ ಹೆಂಗಸು. ಅವರದೂ ದಿನಗೂಲಿಯ ಲೆಕ್ಕವೇ. ಅವರ ಮುಖ ಸಣ್ಣಗಾಯಿತು.

ಇದಕ್ಕೊಂದು ಹಿಂದಿನ ಕಥೆಯಿದೆ. ಸಣ್ಣಯ್ಯ ಬೌದ್ಧ ದೀಕ್ಷೆ ತೆಗೆದುಕೊಂಡು ಇಪ್ಪತ್ತೈದು ವರ್ಷದ ಮೇಲಾಯಿತು. ಅವತ್ತಿನಿಂದ ಆ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು, ಬೇರೆ ಯಾರೂ ಇಲ್ಲ. ಕುಂಕುಮ, ಕರ್ಪೂರ, ಹರಕೆ, ಎಲ್ಲಕ್ಕೂ ಬಾಗಿಲು ಮುಚ್ಚಿತ್ತು. ಕಚೇರಿಯಲ್ಲಿ ಪ್ರತಿ ದಸರೆಗೆ ಆಯುಧಪೂಜೆ. ವೆಂಕಟಸುಬ್ಬಯ್ಯನವರೇ ಮುಂದೆ ನಿಂತು ಬೂದುಗುಂಬಳಕಾಯಿ ಒಡೆಸಿ, ಕಂಪ್ಯೂಟರುಗಳಿಗೂ ಬೀರುಗಳಿಗೂ ಮಂಗಳಾರತಿ ಎತ್ತುತ್ತಿದ್ದರು. ಮೊದಲ ವರ್ಷವೇ ಕೀರ್ತಿ ಬೋರಮ್ಮನಿಗೆ ಹೇಳಿದ್ದಳು: ನನ್ನ ಕಂಪ್ಯೂಟರಿಗೆ ಬೇಡ, ನಮ್ಮ ಮನೆಯಲ್ಲಿ ಇಲ್ಲದ್ದು ನನ್ನ ಮೇಜಿನ ಮೇಲೂ ಬೇಡ. ಬೋರಮ್ಮ ಆಗಲವ್ವ ಎಂದಿದ್ದರು. ಅಂದಿನಿಂದ ಅವಳ ಕಂಪ್ಯೂಟರಿನ ಮುಖ ಸ್ವಚ್ಛವಾಗಿತ್ತು.

"ಮುಂದ್ಗಡೆ ಬ್ಯಾಡ ಅಂದಿದ್ರಲ್ಲವ್ವ," ಎಂದರು ಬೋರಮ್ಮ. "ಅದ್ಕೇ ಹಿಂದ್ಗಡೆ ಹಚ್ತಿದ್ದೆ. ಎಲ್ಲದಕ್ಕೂ ಹಚ್ಚಿ ನಿಮ್ದೊಂದುನ್ನ ಬುಟ್ಬುಟ್ರೆ ಮನ್ಸು ಒಪ್ಪಲ್ಲ ಕಣವ್ವ. ನಿಮ್ಗೇನಾರ ಆಗ್ಬುಟ್ರೆ?"

"ಬೇಡ ಅಂದ್ರೆ ಬೇಡ ಅಂತ. ಕದ್ದು ಹಚ್ಚೋದಾ? ನನ್ನ ಮಾತಿಗೆ ಇಷ್ಟೇನಾ ಬೆಲೆ?" ಕೀರ್ತಿ ದನಿ ಏರಿಸಿದಳು. ವೆಂಕಟಸುಬ್ಬಯ್ಯನ ಮೇಲೆ ತೋರಿಸಲಾಗದ ಸಿಟ್ಟೆಲ್ಲ ಆ ಮುದುಕಿಯ ಮೇಲೆ ಸುರಿಯಿತು. ಅದು ನ್ಯಾಯವಲ್ಲ ಎಂದು ಗೊತ್ತಿದ್ದೇ ಸುರಿಯಿತು. ಬೈದು ಮುಗಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಆ ಪದರವನ್ನು ಕೆರೆಯಲು ಹೋದಳು.

ಬೋರಮ್ಮ ಅವಳ ಮಣಿಕಟ್ಟು ಹಿಡಿದರು. "ಬೈಯಿ, ಬೇಕಾದಷ್ಟು ಬೈಯಿ. ಆದ್ರೆ ಬಿಚ್ಬ್ಯಾಡ. ಬಿಚ್ಚಿದ್ರೆ ನೀನೇ ಕದ್ದೆ ಅಂತಾರೆ. ಎಂಟೊರ್ಸದ ಹಿಂದೆ ನೀರಿನ ಫಿಲ್ಟರ್ ಮುಚ್ಚಳ ತೆಗ್ದು ತೊಳ್ದೆ ಅಂತ, ಒಳ್ಗಿನ ಸಾಮಾನು ನಾನೇ ಮಾರ್ಕೊಂಡೆ ಅಂದ್ರು. ಆರ್ ತಿಂಗ್ಳು ಸಂಬ್ಳದಲ್ಲಿ ಮುರ್ಕೊಂಡ್ರು."

ಕೀರ್ತಿಯ ಕೈ ನಿಂತಿತು. ಬೋರಮ್ಮನ ಕೈಯೂ ಅವಳ ಕೈಯೂ ಆ ಕುಂಕುಮದ ಮುಂದೆಯೇ ಇದ್ದವು. ಒಣಗಿ ಗಾರೆಯ ಹಾಗೆ ಗಟ್ಟಿಯಾದ ಪದರ. ಮೇಲುಗಡೆ ಕಳೆದ ಅಕ್ಟೋಬರಿನ ಸೇವಂತಿಗೆ ಎಸಳೊಂದು ಅಂಟಿಕೊಂಡು ಕಂದಿತ್ತು. ಸ್ಕ್ರೂಗಳ ಮೇಲೆ, ಸಂದಿನ ಉದ್ದಕ್ಕೆ, ಎಲ್ಲೂ ಒಂದು ಬಿರುಕಿರಲಿಲ್ಲ.

ಅಕ್ಟೋಬರಿನಲ್ಲಿ ಹಚ್ಚಿದ್ದು. ಜನವರಿಯಲ್ಲಿ ಡಬ್ಬ ಬಿಚ್ಚಿ ಹೊಸದು ಹಾಕಿದ್ದಾರೆ ಎಂದು ರಿಜಿಸ್ಟರು ಹೇಳುತ್ತದೆ.

ಅವಳು ಸ್ಕ್ರೂಡ್ರೈವರನ್ನು ಕೆಳಗಿಟ್ಟಳು. ಡಬ್ಬವನ್ನು ಮೆಲ್ಲಗೆ, ಮಲಗಿದ ಮಗುವನ್ನು ಸರಿಸಿದ ಹಾಗೆ, ಗೋಡೆಗೆ ಸರಿಸಿದಳು. ಬೋರಮ್ಮನಿಗೆ ಕ್ಷಮಿಸಿ ಎನ್ನಲಿಲ್ಲ.

ಗುರುವಾರ ಬಂದ ಅಧಿಕಾರಿ ಲಾಸ್ಯ, ಮೂವತ್ತು ದಾಟಿರದ ಹೆಂಗಸು. ಮಾತು ಕಡಿಮೆ. ಬಾಕಿ ಅರ್ಜಿಗಳ ಕಟ್ಟು ನೋಡಿದರು, ರಿಜಿಸ್ಟರು ನೋಡಿದರು, ಕೌಂಟರಿನ ಕಂಪ್ಯೂಟರನ್ನು ಆನ್ ಮಾಡಿಸಿ ಕೈಗಡಿಯಾರ ನೋಡುತ್ತ ನಿಂತರು. ಐದು ನಿಮಿಷಕ್ಕೆ ಅವರ ಹುಬ್ಬು ಗಂಟಾಯಿತು.

"ಇದರೊಳಗೆ ಎಸ್‌ಎಸ್‌ಡಿ ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕಳ್ಳತನದ ಮಾತೇ ಎತ್ತಿರಲಿಲ್ಲ, ವೆಂಕಟಸುಬ್ಬಯ್ಯನವರು ತಾವೇ ಎತ್ತಿದರು. "ಹಾಕಿಸಿದ್ದು ನಾನೇ ಮೇಡಂ, ಸಹಿ ಇದೆ ನೋಡಿ. ಈಗ ಇಲ್ಲ ಅಂದ್ರೆ ಯಾರು ತೆಗೆದ್ರು ಅಂತ ಕೇಳ್ಬೇಕು. ದಿನಾ ಅದರ ಮುಂದೆ ಕೂರೋರು ಒಬ್ರೇ. ಹೋದ ವಾರ ಆಯಮ್ಮ ಸ್ಕ್ರೂಡ್ರೈವರ್ ತಂದು ಮೇಜಿನ ಮೇಲೆ ಬಡಿದಿದ್ದನ್ನ ಇಡೀ ಆಫೀಸು ನೋಡಿದೆ. ಇವರ ತಮ್ಮನಿಗೂ ಈ ಲ್ಯಾಪ್‌ಟಾಪ್ ಗೀಪ್‌ಟಾಪ್ ಬಿಚ್ಚೋ ಹುಚ್ಚಿದೆಯಂತೆ."

ಕೀರ್ತಿಯನ್ನು ಸೋಮಾರಿ ಎಂದಿದ್ದರು, ನುಂಗಿದ್ದಳು. ಈಗ ಕಳ್ಳಿ. ತಮ್ಮನೂ ಕಳ್ಳ. ಒಂದು ವಾರದ ಹಿಂದಾಗಿದ್ದರೆ ಅವಳು ಆ ಡಬ್ಬವನ್ನು ಎತ್ತಿ ಅವರ ಕಾಲಿನ ಮೇಲೆ ಹಾಕುತ್ತಿದ್ದಳೋ ಏನೋ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೇಡಂ, ಬಿಚ್ಚಿ ನೋಡಿ. ಆದ್ರೆ ಬಿಚ್ಚೋ ಮೊದ್ಲು ಹಿಂದ್ಗಡೆ ನೋಡಿ. ಫೋಟೋನೂ ತೆಗೀರಿ."

ಲಾಸ್ಯ ಬಗ್ಗಿ ನೋಡಿದರು. ಬೋರಮ್ಮನನ್ನು ಕರೆಸಿದರು. ಬೋರಮ್ಮ ಸೆರಗು ಹೊದ್ದು, ನೆಲ ನೋಡುತ್ತ ಹೇಳಿದರು: ಪ್ರತಿ ಆಯುಧಪೂಜೆಗೆ ತಾನೇ ಹಚ್ಚಿದ್ದು, ಕೊನೆಯದು ಹೋದ ದಸರೆಗೆ, ಆಮೇಲೆ ಮುಟ್ಟಿಲ್ಲ.

"ನಿನ್ನೆ ರಾಚಿರಬಹುದಲ್ಲ ಮೇಡಂ, ಇಬ್ರೂ ಸೇರ್ಕೊಂಡು," ಎಂದರು ವೆಂಕಟಸುಬ್ಬಯ್ಯ.

ಲಾಸ್ಯ ಉಗುರಿನಿಂದ ಆ ಪದರವನ್ನು ಮುಟ್ಟಿದರು, ಒಣಗಿದ ಎಸಳನ್ನು ಮುಟ್ಟಿದರು, ಸಂದಿಗೆ ಅಡ್ಡವಾಗಿ ಕಟ್ಟಿದ್ದ ಜೇಡರ ಬಲೆಯನ್ನೂ ನೋಡಿದರು. "ನಮ್ಮ ತಾತಂದು ಮಂಡಿ ಅಂಗಡಿ. ಅವರ ತಕ್ಕಡಿ ಮೇಲೆ ವಿಭೂತಿ, ಗಂಧ ಹಿಂಗೇ ಕೂತಿರೋದು. ಇದು ಒಂದು ದಿನದ್ದಲ್ಲ, ಒಂದು ವರ್ಷದ್ದೂ ಅಲ್ಲ." ಫೋನ್ ತೆಗೆದು ನಾಲ್ಕು ಫೋಟೋ ಹಿಡಿದರು. ಆಮೇಲೆ ನೆಟ್ಟಗೆ ನಿಂತು, "ಈಗ ನೀವೇ ಬಿಚ್ಚಿ" ಎಂದರು ವೆಂಕಟಸುಬ್ಬಯ್ಯನವರಿಗೆ.

ಕೀರ್ತಿ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ಅವರ ಕೈಗೆ ಕೊಟ್ಟಳು. ಗಂಧದ ಪಸೆಗೆ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸಾರ್ ಬೆವರಿದರು, ಉಸಿರು ಬಿಟ್ಟರು, ಪದರ ಒಡೆದು ಅವರ ಅಂಗೈಯೆಲ್ಲ ಕೆಂಪಾಯಿತು, ಬಿಳಿ ಶರ್ಟಿನ ತೋಳಿಗೂ ಮೆತ್ತಿತು. ತಗಡು ಸರಿದಾಗ ಒಳಗೆ ಒಂಬತ್ತು ವರ್ಷದ ಧೂಳು, ಧೂಳಿನ ನಡುವೆ ಅದೇ ಹಳೇ ಡಿಸ್ಕು.

ಲಾಸ್ಯ ಬೈಯಲಿಲ್ಲ. "ಮೂರನೇದು ಎಲ್ಲಿದೆ ಅಂತ ಹುಡುಕಿ. ಸೋಮವಾರದೊಳಗೆ ಇದಕ್ಕೆ ಹಾಕಿಸಿ ನನಗೆ ಫೋನ್ ಮಾಡಿ" ಎಂದರು. ಕೀರ್ತಿಯ ಗುತ್ತಿಗೆಯ ಕಡತ ತರಿಸಿಕೊಂಡು ಅಲ್ಲೇ ಸಹಿ ಹಾಕಿದರು. ಕೌಂಟರಿನ ಆಚೆ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು, "ಅಂದ್ರೆ ನನ್ ಅರ್ಜಿ ಇವತ್ತು ಆಯ್ತದಾ?" ಎಂದು ಕೇಳಿದಳು.

ಕಳೆದುಹೋದ ಎಸ್‌ಎಸ್‌ಡಿ ಶುಕ್ರವಾರ ಬೆಳಿಗ್ಗೆಯೇ ಸಿಕ್ಕಿತು. ವೆಂಕಟಸುಬ್ಬಯ್ಯನವರ ಬೀರುವಿನಲ್ಲಿ, ಹಳೆಯ ಕಡತಗಳ ಅಡಿಯಲ್ಲಿ. ಯಾವತ್ತೋ ಇಟ್ಟು ಮರೆತೇಬಿಟ್ಟಿದ್ದರಂತೆ. ಕಂಪನಿಯ ಟೆಕ್ನಿಷಿಯನ್ ಬಂದು ಅದನ್ನು ಕೌಂಟರಿನ ಕಂಪ್ಯೂಟರಿಗೆ ಸೇರಿಸಿ ಗುಂಡಿ ಒತ್ತಿದ. ಹೊಸ ಜಾಗಕ್ಕೆ ಬಂದದ್ದಕ್ಕೋ ಏನೋ ಒಂದು ನಿಮಿಷ ತಡವರಿಸಿತು. ಆಮೇಲೆ ಪರದೆಯ ತುಂಬ ಒಂದು ಕೆಂಪು ರೇಸ್ ಕಾರು ಬಂದು ನಿಂತಿತು. ಅದರ ಪಕ್ಕಕ್ಕೆ ಸಾಲಾಗಿ ಹತ್ತಾರು ಗೇಮುಗಳು, ಮೇಲೆ ಒಂದು ಹೆಸರು: ಶ್ರೀವತ್ಸ.

ದಟ್ಟಗಳ್ಳಿಯಲ್ಲಿ ವೆಂಕಟಸುಬ್ಬಯ್ಯನವರ ಮನೆಯ ಗೇಟಿನ ಮೇಲೂ ಅದೇ ಹೆಸರಿದೆ. ಮಗನ ಹೆಸರನ್ನೇ ಮನೆಗೂ ಇಟ್ಟವರು ಅವರು. ಗೃಹಪ್ರವೇಶದ ಊಟಕ್ಕೆ ಇಡೀ ಕಚೇರಿ ಹೋಗಿತ್ತು.

ಪರದೆಯ ಸುತ್ತ ಐದು ಜನ ನಿಂತಿದ್ದರು. ಒಬ್ಬರು ಫ್ಯಾನು ನೋಡಿದರು, ಒಬ್ಬರು ಕ್ಯಾಲೆಂಡರು ನೋಡಿದರು.

"ಶ್ರೀವತ್ಸ ಅಂದ್ರೆ ಯಾರು ಸಾರ್?" ಎಂದಳು ಕೀರ್ತಿ.

"ಕಂಪನಿಯವರು ಡೆಮೊಗೆ ಹಾಕಿರ್ತಾರೆ. ಅಳಿಸಪ್ಪ ಬೇಗ," ಎಂದರು ಸಾರ್ ಟೆಕ್ನಿಷಿಯನ್ನಿಗೆ. ಅವನು ಅಳಿಸಿದ. ಮುದುಕರು ಬೆಂಚಿನ ಮೇಲೆ ಎರಡು ತಿಂಗಳು ಕೂತು ಎದ್ದು ಹೋದದ್ದು ಯಾವುದಕ್ಕೆ ಎಂದು ಕೀರ್ತಿಗೆ ಆಗ ಗೊತ್ತಾಯಿತು. ಆ ಹುಡುಗನ ಕಾರು ಜೋರಾಗಿ ಓಡಲಿ ಎಂದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ಅದು ಮಾನವಿದ್ದವರ ಮಾತು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಸಾರ್ 'ಕಣ್ತಪ್ಪಿನಿಂದ ಉಗ್ರಾಣದಲ್ಲಿ ಉಳಿದಿತ್ತು' ಎಂದು ಬರೆದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಳ್ಳಿ ಎಂದದ್ದಕ್ಕೆ ಕೀರ್ತಿಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ.

ಕಂಪ್ಯೂಟರ್ ಮಾತ್ರ ಗುಂಡಿ ಒತ್ತಿದರೆ ಹತ್ತು ಎಣಿಸುವಷ್ಟರಲ್ಲಿ ಏಳತೊಡಗಿತು. ವಾರದೊಳಗೆ ಬೆಂಚು ಅರ್ಧ ಖಾಲಿಯಾಯಿತು.

ಏಪ್ರಿಲ್ ಎರಡನೇ ವಾರ ವೆಂಕಟಸುಬ್ಬಯ್ಯನವರು ಕೈಬರಹದ ಒಂದು ಹಾಳೆ ತಂದು ಕೀರ್ತಿಯ ಮುಂದಿಟ್ಟರು. "ಈಗ ನಿಂದು ಫಾಸ್ಟ್ ಅಲ್ವೇನಮ್ಮ. ಐದು ನಿಮಿಷದಲ್ಲಿ ಟೈಪ್ ಮಾಡಿ ಕೊಡು."

ಅದು ಬೋರಮ್ಮನಿಗೆ ಮೆಮೊ. ಅನುಮತಿಯಿಲ್ಲದೆ ಸರ್ಕಾರಿ ಯಂತ್ರದ ಹಿಂಭಾಗಕ್ಕೆ ಕುಂಕುಮ ಮುಂತಾದವನ್ನು ಲೇಪಿಸಿ, ಸ್ಕ್ರೂಗಳು ತುಕ್ಕು ಹಿಡಿಯಲು ಕಾರಣರಾದ ತಮ್ಮನ್ನು ಕೆಲಸದಿಂದ ಏಕೆ ಬಿಡಿಸಬಾರದು ಎಂದಿತ್ತು.

ಹಳೆಯ ಕಂಪ್ಯೂಟರ್ ಆಗಿದ್ದರೆ 'ಹ್ಯಾಂಗ್ ಆಗಿದೆ ಸಾರ್' ಎಂದು ಒಂದು ತಿಂಗಳು ತಳ್ಳಬಹುದಿತ್ತು. ಈಗ ಆ ನೆಪವೂ ಇರಲಿಲ್ಲ. ವರ್ಷಾ ವರ್ಷಾ ಮಂಗಳಾರತಿ ಎತ್ತುವ ಕೈ ಬರೆದ ಅಕ್ಷರಗಳವು. ಕೀರ್ತಿ ಮೆಮೊವನ್ನು ಒಂದು ಕೊಂಬು ಇಳಿಯೂ ಬಿಡದೆ ಟೈಪ್ ಮಾಡಿದಳು. ಆಮೇಲೆ ಇನ್ನೊಂದು ಹಾಳೆ ತೆರೆದು ಅದರ ಉತ್ತರವನ್ನೂ ಟೈಪ್ ಮಾಡಿದಳು. ಹತ್ತು ನಿಮಿಷದಲ್ಲಿ ಎರಡೂ ಸಾರ್ ಮೇಜಿನ ಮೇಲಿದ್ದವು.

'ಸಣ್ಣಯ್ಯನವರ ಮಗಳಾದ ಕೀರ್ತಿ ಎಂಬ ನಾನು, ಬೌದ್ಧ ಧರ್ಮೀಯಳು, ತಿಳಿಸುವುದೇನೆಂದರೆ, ಸದರಿ ಯಂತ್ರಕ್ಕೆ ಕುಂಕುಮ ಹಚ್ಚಿದ್ದು ನನ್ನ ಕೋರಿಕೆಯ ಮೇರೆಗೆ. ಜಾಗ ತೋರಿಸಿದವಳೂ ನಾನೇ. ಶ್ರೀಮತಿ ಬೋರಮ್ಮನವರದು ಯಾವ ತಪ್ಪೂ ಇರುವುದಿಲ್ಲ. ಕ್ರಮ ಕೈಗೊಳ್ಳುವುದಾದರೆ ನನ್ನ ಮೇಲೆ ಕೈಗೊಳ್ಳುವುದು. ಪ್ರತಿ: ತಪಾಸಣೆ ನಡೆಸಿ ಸದರಿ ಕುಂಕುಮದ ಫೋಟೋ ತೆಗೆದ ಅಧಿಕಾರಿಗಳಿಗೆ.'

ವೆಂಕಟಸುಬ್ಬಯ್ಯನವರು ಎರಡು ಸಲ ಓದಿದರು. ಎರಡು ಹಾಳೆಯನ್ನೂ ಮಡಿಸಿ ಡ್ರಾಯರಿಗೆ ಹಾಕಿದರು. ಆ ಮೆಮೊ ಇವತ್ತಿನವರೆಗೂ ಹೊರಗೆ ಬಂದಿಲ್ಲ.

ಅಂದು ಸಂಜೆ ಮನೆಯಲ್ಲಿ ಕೀರ್ತಿ ಅಪ್ಪನಿಗೆ ಎಲ್ಲ ಹೇಳಿದಳು. ಸಣ್ಣಯ್ಯ ಮಂಡಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ.

"ನನ್ ಹೆಸ್ರು ಬರ್ದು, ಕುಂಕುಮಕ್ಕೆ ಸೈನ್ ಹಾಕ್ದಾ?"

"ಹೂಂ."

"ಆಯಮ್ಮನ ಕೆಲ್ಸ ಉಳೀತಾ?"

"ಉಳೀತು."

ಸಣ್ಣಯ್ಯ ಗೋಡೆಯ ಮೇಲಿನ ಬಾಬಾಸಾಹೇಬರ ಕಡೆ ನೋಡಿದ. "ಅಂಗಾದ್ರೆ ಊಟ ಮಾಡು, ಹೋಗು" ಎಂದ.

ಅಕ್ಟೋಬರಿನಲ್ಲಿ ಮತ್ತೆ ಆಯುಧಪೂಜೆ ಬಂತು. ಕಚೇರಿ ತೊಳೆದು, ಮಾವಿನ ಸೊಪ್ಪು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಇಟ್ಟಿದ್ದರು. ವೆಂಕಟಸುಬ್ಬಯ್ಯನವರು ಪಂಚೆ ಉಟ್ಟು ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು. ಬೋರಮ್ಮ ಬೆಟ್ಟದಿಂದ ತಂದ ಕುಂಕುಮವನ್ನು ಗಂಧದಲ್ಲಿ ಕಲಸಿಕೊಂಡು ಒಂದೊಂದಕ್ಕೇ ಹಚ್ಚುತ್ತ ಬಂದರು. ಕೀರ್ತಿಯ ಮೇಜಿನ ಹತ್ತಿರ ಬಂದಾಗ ಕಣ್ಣು ತಪ್ಪಿಸಿ ಮುಂದೆ ಹೋಗಲು ನೋಡಿದರು.

ಕೀರ್ತಿ ತಾನೇ ಸಿಪಿಯು ಡಬ್ಬವನ್ನು ಎಳೆದು ಬೆನ್ನು ತಿರುಗಿಸಿದಳು. "ಇಲ್ಲಿಗೆ ಹಚ್ಚಿ ಬೋರಮ್ಮ. ಸ್ಕ್ರೂ ಮೇಲೆ. ದಪ್ಪಗೆ."

ಬೋರಮ್ಮ ಅವಳ ಮುಖ ನೋಡಿ ಹಚ್ಚಿದರು. ಕೈ ಒರೆಸಿಕೊಳ್ಳಲು ಹೋದವರನ್ನು ಕೀರ್ತಿ ತಡೆದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು.

"ಸಾರ್ ಬೀರುಗೂ ಹಚ್ಚಿ. ಮೂಲೇಲಲ್ಲ. ಎರಡು ಬಾಗ್ಲು ಸೇರೋ ಕಡೆ, ಬೀಗದ ಮೇಲೆ."

ಬೋರಮ್ಮ ಮೂರು ಬೆರಳು ಅದ್ದಿ, ಬೀರುವಿನ ಮುಂದೆ ಹೋಗಿ ನಿಂತರು. ಕಚೇರಿಯವರೆಲ್ಲ ವೆಂಕಟಸುಬ್ಬಯ್ಯನವರ ಮುಖ ನೋಡಿದರು. ಅವರ ಕೈಯಲ್ಲಿ ಕರ್ಪೂರ ಉರಿಯುತ್ತಿತ್ತು. ಬೇಡ ಎನ್ನುವ ಹಾಗಿರಲಿಲ್ಲ.